ಎಐ ಏಜೆಂಟ್‌ಗೆ ಡ್ಯಾಶ್‌ಬೋರ್ಡ್ ಓದಲು ಕೊಡುವುದು ಹೇಗೆ? ನಾಲ್ಕು ದಾರಿಗಳ ಹೋಲಿಕೆ

ರಾತ್ರಿ ಎರಡು ಗಂಟೆಗೆ ಅಲರ್ಟ್ ಬರುತ್ತದೆ. ಆನ್-ಕಾಲ್‌ನಲ್ಲಿ (ತೊಂದರೆ ಬಂದರೆ ನೋಡಿಕೊಳ್ಳುವ ಸರದಿಯಲ್ಲಿ) ಇರುವವರು ತಂಡಕ್ಕೆ ಹೊಸಬರು. ಮುಂದೆ, ಸಿಸ್ಟಮ್‌ನ ಸ್ಥಿತಿಯನ್ನು ಚಾರ್ಟ್‌ಗಳಲ್ಲಿ ತೋರಿಸುವ ನೂರಾರು ಡ್ಯಾಶ್‌ಬೋರ್ಡ್‌ಗಳ ಪಟ್ಟಿ. "ಪೇಮೆಂಟ್ ನಿಧಾನ ಆಗಿದೆ, ಯಾವ ಡ್ಯಾಶ್‌ಬೋರ್ಡ್ ನೋಡಲಿ?" ಎಂದು ಎಐ ಏಜೆಂಟನ್ನು (ಟೂಲ್‌ಗಳನ್ನು ಬಳಸಿ ತಾನೇ ಕೆಲಸ ಮಾಡುವ ಎಐ ಪ್ರೋಗ್ರಾಂ) ಕೇಳುತ್ತಾರೆ. ಏಜೆಂಟ್ ಸರಿಯಾದದ್ದನ್ನು ಹುಡುಕಿ, ಅದರಲ್ಲಿ ಯಾವ ಪ್ಯಾನೆಲ್ (ಒಂದು ಚಾರ್ಟ್‌ನ ಚೌಕ) ಏನನ್ನು ಅಳೆಯುತ್ತದೆ ಎಂದು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಇಷ್ಟಕ್ಕೆ ಡ್ಯಾಶ್‌ಬೋರ್ಡ್ ಬದಲಿಸುವ ಅಧಿಕಾರ ಬೇಕಿಲ್ಲ. ಓದಲು ಬಂದರೆ ಸಾಕು.

ಹಾಗೆ ಓದಲು ಮಾತ್ರ ಬಿಡುವ ರೀಡ್-ಓನ್ಲಿ ವ್ಯವಸ್ಥೆಗೆ ಇವತ್ತು ಹಲವು ದಾರಿಗಳಿವೆ. ಕಿಬಾನಾ ಮತ್ತು ಗ್ರಫಾನಾ ಎಂಬ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ಎರಡನ್ನೂ ಇಟ್ಟುಕೊಂಡು ಅವನ್ನು ಹೋಲಿಸುತ್ತೇನೆ. ನಾನು ಹೆಚ್ಚು ಕೆಲಸ ಮಾಡಿರುವುದು ಇವೆರಡರಲ್ಲೇ. ಗ್ರಫಾನಾ 2014ರಲ್ಲಿ ಹುಟ್ಟಿದ್ದು ಕಿಬಾನಾ 3ರ ಕೋಡಿನಿಂದ ಕವಲೊಡೆದು. ಆದರೆ ಈಗ ಎರಡರ ಒಳಗಿನ ರಚನೆ ಬೇರೆ ಬೇರೆ ಆಗಿದೆ. ಒಂದಕ್ಕೆ ಬರೆದ ಟೂಲ್ ಇನ್ನೊಂದಕ್ಕೆ ನಡೆಯುವುದಿಲ್ಲ.

ಮೊದಲು ಒಂದು ವಿಷಯ ಗೊತ್ತಿರಲಿ

ಸೇವ್ ಮಾಡಿದ ಡ್ಯಾಶ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಡೇಟಾ ಇರುವುದಿಲ್ಲ. ಇರುವುದು ಪ್ರಶ್ನೆಗಳು: ಯಾವ ಡೇಟಾ ಸೋರ್ಸ್, ಯಾವ ಕ್ವೆರಿ, ಯಾವ ಫಿಲ್ಟರ್, ಎಷ್ಟು ಹೊತ್ತಿನ ಅವಧಿ, ಯಾವ ಮಿತಿ ದಾಟಿದರೆ ಕೆಂಪು ಬಣ್ಣ. "ಈಗ ಎರರ್ ಎಷ್ಟು?" ಎಂದು ಕೇಳಿದರೆ ಡ್ಯಾಶ್‌ಬೋರ್ಡ್ ಓದಿದ ಏಜೆಂಟ್‌ಗೆ ಉತ್ತರ ಗೊತ್ತಿರುವುದಿಲ್ಲ. "ಎರರ್ ಎಷ್ಟು ಎಂದು ನಾವು ಹೇಗೆ ಲೆಕ್ಕ ಹಾಕುತ್ತೇವೆ?" ಎಂದು ಕೇಳಿದರೆ ಗೊತ್ತಿರುತ್ತದೆ. ಇವೆರಡೂ ಬೇರೆ ಬೇರೆ ಅಧಿಕಾರಗಳು. ಎರಡನ್ನೂ ಒಂದೇ ಕೀಯಲ್ಲಿ (ಪ್ರೋಗ್ರಾಂ ಒಳಬರಲು ಕೊಡುವ ಗುಪ್ತ ಸಂಕೇತದಲ್ಲಿ) ಸೇರಿಸಿ ಕೊಡುವುದರಿಂದಲೇ ತೊಂದರೆ ಶುರುವಾಗುತ್ತದೆ.

ಕಿಬಾನಾದಲ್ಲಿ ಇವನ್ನು ಬಿಡಿಸಿ ಕೊಡುವುದು ಸುಲಭ. ಎಪಿಐ (ಪ್ರೋಗ್ರಾಂಗಳು ಮಾತಾಡಲು ಇರುವ ಬಾಗಿಲು) ಕೀ ಮಾಡುವಾಗ ಒಂದು ಸ್ಪೇಸ್‌ನಲ್ಲಿ (ಡ್ಯಾಶ್‌ಬೋರ್ಡ್‌ಗಳನ್ನು ಬೇರೆ ಬೇರೆ ಇಡುವ ವಿಭಾಗದಲ್ಲಿ) ಡ್ಯಾಶ್‌ಬೋರ್ಡ್ ಓದುವ ಕಿಬಾನಾ ಅಧಿಕಾರ ಕೊಟ್ಟು, ಕಿಬಾನಾದ ಹಿಂದಿರುವ ಎಲಾಸ್ಟಿಕ್‌ಸರ್ಚ್ ಎಂಬ ಡೇಟಾಬೇಸ್‌ನಲ್ಲಿ ಡೇಟಾ ಇರುವ ಇಂಡೆಕ್ಸ್‌ಗಳ ಮೇಲೆ ಏನನ್ನೂ ಕೊಡದೆ ಇರಬಹುದು. ಆಗ ಏಜೆಂಟ್ ಪ್ಯಾನೆಲ್‌ನ ವಿವರಣೆ ಓದುತ್ತದೆ, ಗ್ರಾಹಕರ ದಾಖಲೆ ಓದುವುದಿಲ್ಲ.

ಗ್ರಫಾನಾದಲ್ಲಿ ಇಲ್ಲೊಂದು ಎಚ್ಚರ ಬೇಕು. ವ್ಯೂವರ್ ಎಂದರೆ ನೋಡುವವರು ಮಾತ್ರ, ಅದರಿಂದ ಏನು ತೊಂದರೆ ಎಂದು ಅನಿಸುತ್ತದೆ ಅಲ್ವಾ? ಆದರೆ ಮೂಲ ಸೆಟ್ಟಿಂಗ್‌ನಲ್ಲಿ ವ್ಯೂವರ್ ಪಾತ್ರದವರು ತಮ್ಮ ಆರ್ಗನೈಜೇಶನ್‌ನ ಡೇಟಾ ಸೋರ್ಸ್‌ಗಳಿಗೆ ಯಾವ ಕ್ವೆರಿ ಬೇಕಾದರೂ ಕಳಿಸಬಹುದು. ಡ್ಯಾಶ್‌ಬೋರ್ಡ್‌ನಲ್ಲಿ ಬರೆದಿರುವ ಕ್ವೆರಿಗಳಷ್ಟೇ ಅಲ್ಲ. ಗ್ರಫಾನಾದವರ ದಾಖಲೆಯಲ್ಲೇ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಡೇಟಾ ಸೋರ್ಸ್ ಮಟ್ಟದಲ್ಲಿ ಅನುಮತಿ ಬಿಗಿ ಮಾಡುವ ಸೌಲಭ್ಯ ಎಂಟರ್‌ಪ್ರೈಸ್ ಮತ್ತು ಕ್ಲೌಡ್ ಆವೃತ್ತಿಗಳಲ್ಲಿ ಇದೆ. ನೀವು ಉಚಿತ ಆವೃತ್ತಿ ಓಡಿಸುತ್ತಿದ್ದು, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೋಡಿಸಿದ್ದರೆ, ಏಜೆಂಟ್‌ಗೆ ವ್ಯೂವರ್ ಟೋಕನ್ (ಗ್ರಫಾನಾದ ಕೀ) ಕೊಡುವ ಮುನ್ನ ಆ ಡೇಟಾಬೇಸ್ ಯೂಸರ್‌ಗೆ ಏನೇನು ಅಧಿಕಾರ ಇದೆ ಎಂದು ನೋಡಿ. ಅಲ್ಲಿ ಬರೆಯುವ ಅಧಿಕಾರ ಇದ್ದರೆ "ರೀಡ್-ಓನ್ಲಿ" ಎಂಬುದು ಬರೀ ಹೆಸರಿಗೆ.

ಒಳಗಿನ ಆಕಾರ

ಗ್ರಫಾನಾ ಡ್ಯಾಶ್‌ಬೋರ್ಡ್ ಒಂದೇ ದೊಡ್ಡ ಜೇಸನ್ (ಹೆಸರು-ಮೌಲ್ಯಗಳ ಪಠ್ಯರೂಪ). ಯುಐಡಿ (ಅದರ ಗುರುತಿನ ಸಂಕೇತ) ಕೊಟ್ಟು ಒಮ್ಮೆ ಕೇಳಿದರೆ ಹೆಚ್ಚುಕಡಿಮೆ ಎಲ್ಲವೂ ಒಟ್ಟಿಗೆ ಬರುತ್ತದೆ. ಓದುವವರಿಗೆ ಇದು ಅನುಕೂಲ. ಆದರೆ ಮಡಚಿಟ್ಟ ರೋ ಒಳಗಿನ ಪ್ಯಾನೆಲ್‌ಗಳು ಮೇಲಿನ ಪಟ್ಟಿಯಲ್ಲಿ ಇರುವುದಿಲ್ಲ. ಅವು ಆ ರೋ ಒಳಗೇ ಅಡಗಿರುತ್ತವೆ. ಮೇಲಿನ ಪಟ್ಟಿ ಮಾತ್ರ ನೋಡುವ ಟೂಲ್ "ಈ ಡ್ಯಾಶ್‌ಬೋರ್ಡ್‌ನಲ್ಲಿ ಮೂರೇ ಪ್ಯಾನೆಲ್" ಎನ್ನುತ್ತದೆ, ತೆರೆದು ನೋಡಿದರೆ ಇಪ್ಪತ್ತು ಇರುತ್ತವೆ. ಹಲವು ಡ್ಯಾಶ್‌ಬೋರ್ಡ್‌ಗಳು ಹಂಚಿಕೊಳ್ಳುವ ಲೈಬ್ರರಿ ಪ್ಯಾನೆಲ್‌ಗಳದ್ದು ಇನ್ನೊಂದು ಕಥೆ, ಅಲ್ಲಿ ಹೆಸರು ಮತ್ತು ಯುಐಡಿ ಮಾತ್ರ ಸಿಗಬಹುದು. ಗ್ರಫಾನಾ 12ರ ಜೊತೆ ಬಂದ ಹೊಸ ಸ್ಕೀಮಾದಲ್ಲಿ ಪ್ಯಾನೆಲ್‌ಗಳು ಎಲಿಮೆಂಟ್ಸ್ ಎಂಬ ಕಡೆಗೂ, ಅವುಗಳ ಜಾಗ ಲೇಔಟ್ ಎಂಬ ಕಡೆಗೂ ಹೋಗಿವೆ. ಹಳೆಯ ಆಕಾರ ನಂಬಿ ಬರೆದ ಕೋಡ್ ಅಲ್ಲಿ ತಡವರಿಸುತ್ತದೆ.

ಕಿಬಾನಾದಲ್ಲಿ ಡ್ಯಾಶ್‌ಬೋರ್ಡ್ ಒಂದು ಆಬ್ಜೆಕ್ಟ್, ಅದರೊಳಗಿನ ಚಾರ್ಟ್‌ಗಳು ಬೇರೆ ಆಬ್ಜೆಕ್ಟ್‌ಗಳು ಆಗಿರಬಹುದು. ಡ್ಯಾಶ್‌ಬೋರ್ಡ್ ತರಿಸಿದರೆ ಆಗ ಸಿಗುವುದು ರೆಫರೆನ್ಸ್‌ಗಳ ಪಟ್ಟಿ: ಒಂದೊಂದಕ್ಕೂ ಹೆಸರು, ವಿಧ, ಐಡಿ. ಆ ಐಡಿ ಹಿಡಿದು ಮತ್ತೆ ಕೇಳಬೇಕು. ಆ ಚಾರ್ಟ್ ಮತ್ತೆ ಒಂದು ಡೇಟಾ ವ್ಯೂ (ಯಾವ ಇಂಡೆಕ್ಸ್‌ಗಳನ್ನು ಓದಬೇಕು ಎಂಬ ವಿವರ) ಕಡೆ ಕೈ ತೋರಿಸುತ್ತದೆ. ಇದರ ಜೊತೆಗೆ, ಲೈಬ್ರರಿಗೆ ಸೇರಿಸದೆ ನೇರವಾಗಿ ಡ್ಯಾಶ್‌ಬೋರ್ಡ್‌ನಲ್ಲೇ ಮಾಡಿದ ಚಾರ್ಟ್‌ಗಳು ಡ್ಯಾಶ್‌ಬೋರ್ಡ್ ಒಳಗೇ ಇರುತ್ತವೆ. ಎಕ್ಸ್‌ಪೋರ್ಟ್ ಮಾಡಿದಾಗ ಅವು ಕಾಣುವುದು ಪ್ಯಾನೆಲ್ಸ್‌ಜೇಸನ್ ಎಂಬ ಕ್ಷೇತ್ರದಲ್ಲಿ. ಅದು ಜೇಸನ್ ಒಳಗೆ ಒಂದು ಉದ್ದನೆಯ ಸ್ಟ್ರಿಂಗ್, ಆ ಸ್ಟ್ರಿಂಗ್ ಬಿಚ್ಚಿದರೆ ಇನ್ನೊಂದು ಜೇಸನ್. ಇದನ್ನು ಹಾಗೇ ಏಜೆಂಟ್ ಮುಂದೆ ಸುರಿದರೆ ಬ್ಯಾಕ್‌ಸ್ಲ್ಯಾಶ್‌ಗಳ ಕಾಡಿನಲ್ಲಿ ಅದು ದಾರಿ ತಪ್ಪುತ್ತದೆ. ಬಿಚ್ಚಿ ಕೊಡುವುದು ಟೂಲ್‌ನ ಕೆಲಸ.

ಹೆಸರುಗಳ ಗೊಂದಲವೂ ಇದೆ. ಪರದೆಯ ಮೇಲೆ ಡೇಟಾ ವ್ಯೂ ಎಂದು ಇರುತ್ತದೆ, ಸೇವ್ ಆದ ಆಬ್ಜೆಕ್ಟ್‌ನ ವಿಧ ಮಾತ್ರ ಇವತ್ತಿಗೂ ಹಳೆಯ ಹೆಸರು, ಇಂಡೆಕ್ಸ್-ಪ್ಯಾಟರ್ನ್. ಟೂಲ್‌ನ ವಿವರಣೆಯಲ್ಲಿ ಈ ಎರಡೂ ಒಂದೇ ಎಂದು ಒಂದು ಸಾಲು ಬರೆದಿಡಿ. ಇಲ್ಲವಾದರೆ ಏಜೆಂಟ್ ಇಲ್ಲದ ವಿಧವನ್ನು ಹುಡುಕುತ್ತಾ ಸುಮ್ನೆ ಸುತ್ತು ಹೊಡೆಯುತ್ತದೆ.

ದಾರಿ ಒಂದು: ಕೀ ಕೊಟ್ಟು ಎಪಿಐ ಮುಂದೆ ಬಿಡುವುದು

ಏಜೆಂಟ್‌ಗೆ ಎಚ್‌ಟಿಟಿಪಿ ಕರೆ ಮಾಡುವ ಸಾಮಾನ್ಯ ಟೂಲ್ ಮತ್ತು ಒಂದು ಕೀ ಕೊಟ್ಟುಬಿಡುವುದು. ಒಂದು ಸಂಜೆಯಲ್ಲಿ ಪ್ರಯೋಗ ಮಾಡಿ ನೋಡಲು ಇದು ಚೆನ್ನ. ನಿತ್ಯದ ಬಳಕೆಗೆ ನಾನು ಬೇಡ ಎನ್ನುತ್ತೇನೆ.

ಕೆಲವರು ಮಧ್ಯೆ ಒಂದು ಪ್ರಾಕ್ಸಿ (ಕರೆಗಳನ್ನು ಸೋಸುವ ಮಧ್ಯವರ್ತಿ ಸರ್ವರ್) ಇಟ್ಟು "ಗೆಟ್ (ಸಾಮಾನ್ಯವಾಗಿ ಓದುವ) ಕರೆ ಮಾತ್ರ ಬಿಡು" ಎಂದು ನಿಯಮ ಹಾಕುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಕಿಬಾನಾದಲ್ಲಿ ಎಕ್ಸ್‌ಪೋರ್ಟ್ ಮತ್ತು ಹಲವು ಆಬ್ಜೆಕ್ಟ್‌ಗಳನ್ನು ಒಟ್ಟಿಗೆ ತರುವ ಕರೆ ಎರಡೂ ಪೋಸ್ಟ್ (ಸಾಮಾನ್ಯವಾಗಿ ಡೇಟಾ ಕಳಿಸುವ) ಕರೆಗಳು. ಅವು ಓದುವ ಕೆಲಸಗಳೇ, ಆದರೂ ಪ್ರಾಕ್ಸಿ ತಡೆಯುತ್ತದೆ. ಆಗ ಯಾರೋ ಒಬ್ಬರು ಬೇಸತ್ತು ಪೋಸ್ಟ್ ಅನ್ನೂ ಬಿಟ್ಟುಬಿಡುತ್ತಾರೆ, ಅದರ ಜೊತೆಗೆ ಬರೆಯುವ ಕರೆಗಳಿಗೂ ಬಾಗಿಲು ತೆರೆಯುತ್ತದೆ. ಪ್ರಾಕ್ಸಿ ಇಡುವುದಾದರೆ ವಿಧಾನ ನೋಡಿ ಬಿಡಬೇಡಿ, ಪೂರ್ತಿ ವಿಳಾಸ ನೋಡಿ ಬಿಡಿ.

ಇನ್ನೊಂದು ಮಾತು. ಆಬ್ಜೆಕ್ಟ್‌ಗಳನ್ನು ಒಂದೊಂದಾಗಿ ತರುವ ಕಿಬಾನಾದ ಸಾಮಾನ್ಯ ಎಪಿಐಗಳನ್ನು 8.7 ಆವೃತ್ತಿಯಿಂದ ಹಳತು ಎಂದು ಗುರುತು ಮಾಡಿದ್ದಾರೆ. ಎಕ್ಸ್‌ಪೋರ್ಟ್, ಇಂಪೋರ್ಟ್ ಹಾಗಲ್ಲ. ಇವತ್ತು ಹೊಸದಾಗಿ ಬರೆಯುವವರು ಎಕ್ಸ್‌ಪೋರ್ಟ್ ಮೇಲೆ ನಿಲ್ಲುವುದು ಒಳ್ಳೆಯದು. ಆಳದ ರೆಫರೆನ್ಸ್‌ಗಳನ್ನೂ ಸೇರಿಸು ಎಂದು ಅದಕ್ಕೆ ಹೇಳಬಹುದು. ಆಗ ಡ್ಯಾಶ್‌ಬೋರ್ಡ್, ಚಾರ್ಟ್, ಡೇಟಾ ವ್ಯೂ ಎಲ್ಲ ಒಂದೇ ಬಾರಿ ಬರುತ್ತವೆ. ಕೊನೆಯ ಸಾಲಿನಲ್ಲಿ ಎಷ್ಟು ಬಂತು, ಯಾವ ರೆಫರೆನ್ಸ್ ಸಿಗಲಿಲ್ಲ ಎಂಬ ಲೆಕ್ಕವೂ ಇರುತ್ತದೆ. ಆ ಸಾಲನ್ನು ಎಸೆಯಬೇಡಿ. ಯಾರೋ ಚಾರ್ಟ್ ಅಳಿಸಿದ್ದರಿಂದ ಡ್ಯಾಶ್‌ಬೋರ್ಡ್ ಅರ್ಧ ಖಾಲಿ ಇದೆ ಎಂಬ ಸುದ್ದಿ ಸಿಗುವುದೇ ಅಲ್ಲಿ.

ಎಪಿಐ ಬಿಟ್ಟು ನೇರವಾಗಿ ಕಿಬಾನಾದ ಒಳಗಿನ ಇಂಡೆಕ್ಸ್‌ಗೇ ಕೈ ಹಾಕುವ ಸಲಹೆಯನ್ನೂ ಕೇಳಿದ್ದೇನೆ. ದಯವಿಟ್ಟು ಮಾಡಬೇಡಿ. ಸ್ಪೇಸ್‌ಗಳ ಗೋಡೆ ಇರುವುದು ಕಿಬಾನಾ ಮಟ್ಟದಲ್ಲಿ. ಇಂಡೆಕ್ಸ್ ನೇರ ಓದಿದರೆ ಆ ಗೋಡೆ ಲೆಕ್ಕಕ್ಕೇ ಬರುವುದಿಲ್ಲ.

ದಾರಿ ಎರಡು: ಸಿದ್ಧ ಎಂಸಿಪಿ ಸರ್ವರ್

ಎಂಸಿಪಿ ಎಂಬ ಪ್ರೋಟೋಕಾಲನ್ನು ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಹೊರತಂದಿತು. ಏಜೆಂಟ್‌ಗೂ ಟೂಲ್‌ಗೂ ನಡುವೆ ಒಂದೇ ಬಗೆಯ ಪ್ಲಗ್ ಇರಲಿ ಎಂಬುದು ಉದ್ದೇಶ. ಗ್ರಫಾನಾದವರೇ ಇದಕ್ಕೆ ಒಂದು ಓಪನ್ ಸೋರ್ಸ್ ಸರ್ವರ್ ಬರೆದಿದ್ದಾರೆ. ನೀವು ಗ್ರಫಾನಾ ಬಳಸುವವರಾದರೆ ಮೊದಲು ಇದನ್ನೇ ನೋಡಿ.

ನನಗೆ ಅದರಲ್ಲಿ ಜಾಸ್ತಿ ಹಿಡಿಸಿದ್ದು ಡ್ಯಾಶ್‌ಬೋರ್ಡ್ ಓದಲು ಒಂದೇ ಟೂಲ್ ಇಡದೆ ಹಲವನ್ನು ಇಟ್ಟಿರುವುದು. ಹುಡುಕಲು ಒಂದು, ಸಾರಾಂಶಕ್ಕೆ ಒಂದು, ಪ್ಯಾನೆಲ್‌ಗಳ ಕ್ವೆರಿ ಮಾತ್ರ ತರಲು ಒಂದು, ಜೇಸನ್‌ಪಾತ್ (ಜೇಸನ್ ಒಳಗಿನ ವಿಳಾಸ) ಕೊಟ್ಟು ಬೇಕಾದ ತುಂಡನ್ನಷ್ಟೇ ಕತ್ತರಿಸಿ ತರಲು ಒಂದು. ಇಡೀ ಡ್ಯಾಶ್‌ಬೋರ್ಡ್ ತರುವ ಟೂಲ್ ಕೂಡ ಇದೆ. ಅದು ಏಜೆಂಟ್‌ನ ಕಾಂಟೆಕ್ಸ್ಟ್ (ಒಮ್ಮೆಗೆ ಓದಬಲ್ಲ ಪಠ್ಯದ ಜಾಗ) ತುಂಬಾ ತಿನ್ನುತ್ತದೆ ಎಂಬ ಎಚ್ಚರಿಕೆಯನ್ನೂ ಅವರೇ ಕೊಟ್ಟಿದ್ದಾರೆ. ಇದು ಸಣ್ಣ ವಿಷಯ ಅಲ್ಲ. ಡ್ಯಾಶ್‌ಬೋರ್ಡ್‌ನ ಜೇಸನ್‌ನಲ್ಲಿ ಬಹುಪಾಲು ಬಣ್ಣ, ಅಳತೆ, ಗೆರೆಯ ದಪ್ಪ ಇಂಥವೇ ತುಂಬಿರುತ್ತವೆ. ಒಂದು ಕ್ವೆರಿಗಾಗಿ ಅಷ್ಟನ್ನೂ ತರಿಸುವುದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಎಐ ಓದುವ ಪಠ್ಯದ ತುಣುಕುಗಳ (ಇವಕ್ಕೂ ಟೋಕನ್ ಎಂದೇ ಹೆಸರು) ಖರ್ಚು ಒಂದು ಕಡೆ, ಅಷ್ಟು ಕಸದ ನಡುವೆ ಏಜೆಂಟ್ ತಪ್ಪು ಪ್ಯಾನೆಲ್ ಹಿಡಿಯುವ ಅಪಾಯ ಇನ್ನೊಂದು ಕಡೆ.

ಈ ಸರ್ವರ್‌ನಲ್ಲಿ ಬರೆಯುವ ಟೂಲ್‌ಗಳೂ ಇವೆ. ಅವನ್ನು ಮುಚ್ಚಲು ಡಿಸೇಬಲ್-ರೈಟ್ ಎಂಬ ಫ್ಲ್ಯಾಗ್ ಕೊಟ್ಟಿದ್ದಾರೆ. ಅದನ್ನು ಹಾಕಿ. ಆದರೆ ಅದೊಂದನ್ನೇ ನಂಬಬೇಡಿ. ಫ್ಲ್ಯಾಗ್ ಎಂದರೆ ಯಾರೋ ಸರ್ವರ್ ಮರಳಿ ಶುರು ಮಾಡುವಾಗ ಮರೆತುಹೋಗಬಹುದಾದ ಒಂದು ಪದ.

ಕಿಬಾನಾ ಬಳಸುವವರು ಇಲ್ಲಿ ಸ್ವಲ್ಪ ನೋಡಿಕೊಂಡು ನಡೆಯಬೇಕು. ಎಲಾಸ್ಟಿಕ್ ಕಂಪನಿ ಮೊದಲು ಹೊರತಂದ ಎಂಸಿಪಿ ಸರ್ವರ್‌ನ ಟೂಲ್‌ಗಳು ಇಂಡೆಕ್ಸ್‌ಗಳ ಪಟ್ಟಿ, ಮ್ಯಾಪಿಂಗ್, ಹುಡುಕಾಟ ಇಂಥ ಕೆಲಸಗಳಿಗೆ. ಅಂದರೆ ಅದು ಡೇಟಾ ಓದುವ ಸರ್ವರ್. ಸೇವ್ ಮಾಡಿದ ಡ್ಯಾಶ್‌ಬೋರ್ಡ್ ಓದುವುದು ಬೇರೆ ಕೆಲಸ. "ಎಲಾಸ್ಟಿಕ್‌ಗೆ ಎಂಸಿಪಿ ಇದೆ" ಎಂದು ಕೇಳಿದ ಕೂಡಲೇ ಜೋಡಿಸಬೇಡಿ. ಟೂಲ್‌ಗಳ ಪಟ್ಟಿ ತೆಗೆದು, ನಿಮಗೆ ಬೇಕಾದದ್ದು ಅದರಲ್ಲಿ ಇದೆಯೇ ಎಂದು ಓದಿ.

ದಾರಿ ಮೂರು: ನಿಮ್ಮದೇ ಸಣ್ಣ ಟೂಲ್

ಇದು ನನಗೆ ಇಷ್ಟವಾದ ದಾರಿ. ಅದರಲ್ಲೂ ಕಿಬಾನಾ ತಂಡಗಳಿಗೆ. ದೊಡ್ಡ ಕೆಲಸ ಏನಲ್ಲ. ಮೂರು ಟೂಲ್ ಸಾಕು: ಹೆಸರಿನಿಂದ ಹುಡುಕುವುದು, ಒಂದು ಡ್ಯಾಶ್‌ಬೋರ್ಡ್‌ನ ಸಾರಾಂಶ ಕೊಡುವುದು, ಒಂದು ಪ್ಯಾನೆಲ್‌ನ ಪೂರ್ತಿ ವಿವರ ಕೊಡುವುದು. ಬರೆಯುವ ಕೋಡ್ ಇಲ್ಲವೇ ಇಲ್ಲ, ಹಾಗಾಗಿ ಮುಚ್ಚಲು ಫ್ಲ್ಯಾಗ್ ಕೂಡ ಬೇಡ.

ಸಾರಾಂಶದಲ್ಲಿ ಏನಿರಬೇಕು ಎಂಬುದರ ಮೇಲೆ ಇಡೀ ಟೂಲ್‌ನ ಗುಣ ನಿಂತಿದೆ. ಪ್ಯಾನೆಲ್‌ನ ಹೆಸರು, ವಿವರಣೆ, ಕ್ವೆರಿ, ಡೇಟಾ ಸೋರ್ಸ್, ಫಿಲ್ಟರ್, ಅವಧಿ, ವೇರಿಯಬಲ್‌ಗಳು ಇರಲಿ. ಜಾಗ, ಬಣ್ಣ, ಅಕ್ಷರದ ಗಾತ್ರ ಬೇಡ. ಆದರೆ ಯೂನಿಟ್ ಮತ್ತು ಥ್ರೆಶೋಲ್ಡ್ (ದಾಟಿದರೆ ಬಣ್ಣ ಬದಲಾಗುವ ಮಿತಿ) ಬಿಡಬೇಡಿ. ಅವು ನೋಡಲು ಅಲಂಕಾರದ ಹಾಗೆ ಕಾಣುತ್ತವೆ, ಆದರೆ ನಿಮ್ಮ ತಂಡ ಯಾವುದನ್ನು ಕೆಟ್ಟದ್ದು ಎಂದು ಒಪ್ಪಿಕೊಂಡಿದೆ ಎಂಬುದು ಅಲ್ಲೇ ಬರೆದಿರುತ್ತದೆ. 500 ಎಂದರೆ ಮಿಲಿಸೆಕೆಂಡೋ ಸೆಕೆಂಡೋ ಗೊತ್ತಿಲ್ಲದ ಏಜೆಂಟ್ ಕೊಡುವ ಸಲಹೆ ಏನಾಗಬಹುದು ಯೋಚಿಸಿ.

ಜೊತೆಗೆ ಕೊನೆಯ ಬಾರಿ ಬದಲಾದ ದಿನಾಂಕ ಮತ್ತು ಡ್ಯಾಶ್‌ಬೋರ್ಡ್‌ನ ಲಿಂಕ್ ಕೊಡಿ. ಕೇಳಿದವರು ಕ್ಲಿಕ್ ಮಾಡಿ ಕಣ್ಣಾರೆ ನೋಡಬಹುದು.

ತಪ್ಪಿನ ಸಂದೇಶಗಳ ಬಗ್ಗೆಯೂ ಕಾಳಜಿ ಇರಲಿ. ಕಿಬಾನಾದಲ್ಲಿ ಬೇರೆ ಸ್ಪೇಸ್‌ನಲ್ಲಿರುವ ಡ್ಯಾಶ್‌ಬೋರ್ಡ್ ಕೇಳಿದರೆ 404 (ಸಿಗಲಿಲ್ಲ) ಬರುತ್ತದೆ. ಏಜೆಂಟ್ ಅದನ್ನು ಓದಿ "ಅಂಥ ಡ್ಯಾಶ್‌ಬೋರ್ಡ್ ಇಲ್ಲವೇ ಇಲ್ಲ" ಎಂದು ಖಚಿತವಾಗಿ ಹೇಳಿಬಿಡುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ನಂಬುವವರು ಇರುತ್ತಾರೆ. "ಪೇಮೆಂಟ್ ಸ್ಪೇಸ್‌ನಲ್ಲಿ ಹುಡುಕಿದೆ, ಸಿಗಲಿಲ್ಲ, ಬೇರೆ ಸ್ಪೇಸ್‌ಗಳನ್ನು ನೋಡಲು ನನಗೆ ಅನುಮತಿ ಇಲ್ಲ" ಎಂದು ಟೂಲ್ ಹೇಳಿದರೆ ಆ ತಪ್ಪು ಆಗುವುದಿಲ್ಲ.

ಈ ದಾರಿಯ ಬೆಲೆ ಒಂದೇ, ಇದನ್ನು ನೀವೇ ಸಾಕಬೇಕು. ಆವೃತ್ತಿ ಬದಲಾದಾಗ ಒಳಗಿನ ಆಕಾರವೂ ಬದಲಾಗುತ್ತದೆ. ಅದನ್ನು ನೋಡಿಕೊಳ್ಳಲು ಒಬ್ಬರು ಇಲ್ಲದಿದ್ದರೆ ಸಿದ್ಧ ಸರ್ವರ್ ವಾಸಿ.

ದಾರಿ ನಾಲ್ಕು: ಗಿಟ್‌ನಲ್ಲಿ ನಕಲು

ದಿನಕ್ಕೊಮ್ಮೆ ಎಲ್ಲ ಡ್ಯಾಶ್‌ಬೋರ್ಡ್‌ಗಳನ್ನೂ ಎಕ್ಸ್‌ಪೋರ್ಟ್ ಮಾಡಿ ಗಿಟ್‌ಗೆ (ಫೈಲ್‌ಗಳ ಬದಲಾವಣೆಯ ಇತಿಹಾಸ ಇಡುವ ಸಾಧನಕ್ಕೆ) ಹಾಕುವುದು. ಏಜೆಂಟ್ ಆ ಫೈಲ್‌ಗಳನ್ನು ಓದುತ್ತದೆ. ಅದರ ಕೈಯಲ್ಲಿ ಕೀ ಇಲ್ಲ, ಕಿಬಾನಾಗೆ ಹೋಗುವ ನೆಟ್‌ವರ್ಕ್ ದಾರಿಯೂ ಇಲ್ಲ. ಇದಕ್ಕಿಂತ ಗಟ್ಟಿಯಾದ ರೀಡ್-ಓನ್ಲಿ ನನಗೆ ಗೊತ್ತಿಲ್ಲ.

"ಈ ಮೆಟ್ರಿಕ್‌ನ ಹೆಸರು ಬದಲಿಸಿದರೆ ಯಾವ ಯಾವ ಡ್ಯಾಶ್‌ಬೋರ್ಡ್ ಮುರಿಯುತ್ತದೆ?" ಎಂಬ ಪ್ರಶ್ನೆಗೆ ಇದೇ ಉತ್ತಮ. ಎಪಿಐ ಮೂಲಕ ಕೇಳಿದರೆ ಪ್ರತಿಯೊಂದನ್ನೂ ತರಿಸಿ ನೋಡಬೇಕು. ಇಲ್ಲಿ ಒಂದು ಗ್ರೆಪ್ (ಫೈಲ್‌ಗಳಲ್ಲಿ ಪದ ಹುಡುಕುವ ಆಜ್ಞೆ) ಸಾಕು. ಯಾವಾಗ ಏನು ಬದಲಾಯಿತು ಎಂಬುದೂ ಸಿಗುತ್ತದೆ. ಕಿಬಾನಾದವರಿಗೆ ಇದು ಮುಖ್ಯ. ಅಲ್ಲಿನ ಆಬ್ಜೆಕ್ಟ್‌ನಲ್ಲಿ ಕಾಣುವ ವರ್ಶನ್ ಎಂಬ ಕ್ಷೇತ್ರ ಇತಿಹಾಸ ಅಲ್ಲ, ಇಬ್ಬರು ಒಟ್ಟಿಗೆ ಸೇವ್ ಮಾಡಿದಾಗ ಒಬ್ಬರದು ಅಳಿಯದಿರಲಿ ಎಂದು ಇರುವುದು. ಗ್ರಫಾನಾ ತಾನೇ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುತ್ತದೆ, ಮೂಲ ಸೆಟ್ಟಿಂಗ್‌ನಲ್ಲಿ 20.

ಗಿಟ್‌ಗೆ ಕಮಿಟ್ ಮಾಡುವ (ಸೇರಿಸುವ) ಮುನ್ನ ಆ ಪ್ಯಾನೆಲ್ಸ್‌ಜೇಸನ್ ಸ್ಟ್ರಿಂಗನ್ನು ಬಿಚ್ಚಿ, ಸಾಲು ಸಾಲಾಗಿ ಬರೆಯಿರಿ. ಇಲ್ಲವಾದರೆ ಒಂದು ಸಂಖ್ಯೆ ಬದಲಾದರೂ ಡಿಫ್‌ನಲ್ಲಿ (ಎರಡು ಆವೃತ್ತಿಗಳ ವ್ಯತ್ಯಾಸದ ಪಟ್ಟಿಯಲ್ಲಿ) ಇಡೀ ಸಾಲು ಬದಲಾದಂತೆ ಕಾಣುತ್ತದೆ.

ಕೊರತೆ ನಿಮಗೆ ಈಗಾಗಲೇ ಹೊಳೆದಿರಬೇಕು. ಮಧ್ಯಾಹ್ನ ಬದಲಿಸಿದ ಡ್ಯಾಶ್‌ಬೋರ್ಡ್ ರಾತ್ರಿಯ ನಕಲಿನಲ್ಲಿ ಮಾತ್ರ ಬರುತ್ತದೆ. ಅಲರ್ಟ್ ಹೊಡೆದುಕೊಳ್ಳುತ್ತಿರುವಾಗ ಹಳೆಯ ಕ್ವೆರಿ ಹಿಡಿದು ಚರ್ಚೆ ಮಾಡುವ ಹಾಗೆ ಆಗಬಾರದು.

ರೀಡ್-ಓನ್ಲಿ ಇರಬೇಕಾದ ಜಾಗ

ನಾನು ಮೊದಲು ಇದ್ದ ಒಂದು ತಂಡದಲ್ಲಿ ಏಜೆಂಟ್‌ಗೆ ಎಡಿಟರ್ ಅಧಿಕಾರದ ಟೋಕನ್ ಕೊಟ್ಟಿದ್ದೆವು. ಆಗ ಕೈಗೆ ಸಿಕ್ಕಿದ್ದು ಅದೇ. "ಓದುವುದು ಮಾತ್ರ ನಿನ್ನ ಕೆಲಸ" ಎಂದು ಸೂಚನೆಯಲ್ಲಿ ಬರೆದಿದ್ದೆವು. ಒಂದು ದಿನ ಯಾರೋ "ಈ ಪ್ಯಾನೆಲ್‌ನ ಯೂನಿಟ್ ತಪ್ಪಿದೆ ಅನಿಸುತ್ತೆ, ನೋಡು" ಎಂದರು. ಅದು ನೋಡಿತು, ಸರಿ ಮಾಡಿತು, ಸೇವ್ ಕೂಡ ಮಾಡಿತು. ಯೂನಿಟ್ ಮೊದಲೇ ಸರಿ ಇತ್ತು. ಆ ರಾತ್ರಿ ಆನ್-ಕಾಲ್‌ನಲ್ಲಿ ಇದ್ದ ಹುಡುಗಿ ಅರ್ಧ ಗಂಟೆ ಇಲ್ಲದ ಸಮಸ್ಯೆಯ ಹಿಂದೆ ಓಡಿದಳು. ಅವಳ ಆ ಅರ್ಧ ಗಂಟೆ ನನಗೆ ಇನ್ನೂ ನೆನಪಿದೆ.

ಹಾಗಾಗಿ ಯಾವ ದಾರಿ ಹಿಡಿದರೂ ತಡೆ ಕೀಯಲ್ಲೇ ಇರಲಿ. ಸೂಚನೆಯಲ್ಲಿ ಬರೆದದ್ದು ವಿನಂತಿ. ಎಂಸಿಪಿಯಲ್ಲಿ 2025ರ ಮಾರ್ಚ್‌ನ ಆವೃತ್ತಿಯಿಂದ ಟೂಲ್‌ಗೆ "ಇದು ರೀಡ್-ಓನ್ಲಿ" ಎಂದು ಗುರುತು ಹಾಕಬಹುದು. ಆದರೆ ಅದಕ್ಕೆ ಅಲ್ಲಿ ಇಟ್ಟಿರುವ ಹೆಸರೇ ಹಿಂಟ್. ನಂಬಿಕೆಯ ಸರ್ವರ್ ಅಲ್ಲದಿದ್ದರೆ ಆ ಗುರುತನ್ನೂ ನಂಬಬಾರದು ಎಂದು ಆ ನಿಯಮಪುಸ್ತಕವೇ ಹೇಳುತ್ತದೆ. ಗ್ರಫಾನಾದಲ್ಲಿ ಏಜೆಂಟ್‌ಗೆ ಎಂದೇ ಬೇರೆ ಸರ್ವಿಸ್ ಅಕೌಂಟ್ (ಪ್ರೋಗ್ರಾಂಗಳಿಗೆ ಇರುವ ಖಾತೆ) ಮಾಡಿ, ಕಿಬಾನಾದಲ್ಲಿ ಬೇರೆ ಎಪಿಐ ಕೀ ಮಾಡಿ. ಎರಡಕ್ಕೂ ಕೊನೆಯ ದಿನಾಂಕ ಹಾಕಲು ಬರುತ್ತದೆ, ಹಾಕಿ. ಮನುಷ್ಯರ ಟೋಕನ್ ಏಜೆಂಟ್‌ಗೆ ಸಾಲ ಕೊಡಬೇಡಿ. ನಾಳೆ ಲಾಗ್ ನೋಡುವಾಗ ಯಾರು ಏನು ಓದಿದರು ಎಂದು ಬಿಡಿಸಲು ಆಗುವುದಿಲ್ಲ.

ಓದುವುದರಲ್ಲೂ ಒಂದು ಅಪಾಯ ಇದೆ. ಡ್ಯಾಶ್‌ಬೋರ್ಡ್‌ಗಳಲ್ಲಿ ಟೆಕ್ಸ್ಟ್ ಪ್ಯಾನೆಲ್‌ಗಳಿರುತ್ತವೆ. ಅಲ್ಲಿ ಯಾರು ಬೇಕಾದರೂ ಏನನ್ನಾದರೂ ಬರೆದಿರಬಹುದು. "ಈ ಸರ್ವರ್ ರೀಸ್ಟಾರ್ಟ್ ಮಾಡಿ" ಎಂಬ ಹಳೆಯ ಟಿಪ್ಪಣಿಯನ್ನು ಏಜೆಂಟ್ ತನಗೆ ಬಂದ ಆಜ್ಞೆ ಎಂದು ತಿಳಿಯಬಹುದು. ಬೇಕೆಂದೇ ಹಾಗೆ ಬರೆಯುವವರೂ ಇರಬಹುದು. ನಿಮ್ಮ ಏಜೆಂಟ್ ಬಳಿ ರೀಸ್ಟಾರ್ಟ್ ಮಾಡುವ ಬೇರೆ ಟೂಲ್ ಇದ್ದರೆ ಇದು ನಿಜವಾದ ಅಪಾಯ. ಟೂಲ್ ಆ ಬರಹವನ್ನು "ಡ್ಯಾಶ್‌ಬೋರ್ಡ್‌ನಲ್ಲಿ ಸಿಕ್ಕ ಟಿಪ್ಪಣಿ" ಎಂದು ಬೇರೆ ಮಾಡಿ ಕೊಡಲಿ. ಏನನ್ನಾದರೂ ಮಾಡುವ ಟೂಲ್‌ಗಳ ಮುಂದೆ ಒಬ್ಬ ಮನುಷ್ಯರ ಒಪ್ಪಿಗೆ ಇರಲಿ. ಲಿಂಕ್‌ಗಳ ಒಳಗೆ ಯಾರಾದರೂ ಟೋಕನ್ ಅಂಟಿಸಿದ್ದಾರೆಯೇ ಎಂದೂ ಒಮ್ಮೆ ಹುಡುಕಿ.

ಯಾರಿಗೆ ಯಾವುದು

ಗ್ರಫಾನಾ ಇದ್ದು, ಆನ್-ಕಾಲ್‌ನವರಿಗೆ ನೆರವು ಬೇಕಿದ್ದರೆ ಸಿದ್ಧ ಎಂಸಿಪಿ ಸರ್ವರ್ ಹಾಕಿ, ಬರೆಯುವ ಟೂಲ್‌ಗಳನ್ನು ಮುಚ್ಚಿ, ವ್ಯೂವರ್ ಟೋಕನ್ ಕೊಡಿ. ಕಿಬಾನಾ ಇದ್ದರೆ ಎಕ್ಸ್‌ಪೋರ್ಟ್ ಮೇಲೆ ನಿಂತ ನಿಮ್ಮದೇ ಸಣ್ಣ ಟೂಲ್. ಓಪನ್‌ಸರ್ಚ್ ಡ್ಯಾಶ್‌ಬೋರ್ಡ್ಸ್ ಇದ್ದವರಿಗೂ ಹೆಚ್ಚುಕಡಿಮೆ ಇದೇ ಮಾತು. ಅದು 2021ರಲ್ಲಿ ಕಿಬಾನಾದಿಂದ ಬೇರೆಯಾದದ್ದು, ಸೇವ್ ಮಾಡಿದ ಆಬ್ಜೆಕ್ಟ್‌ಗಳ ಎಪಿಐ ಅದೇ ಜಾಡಿನದು. ಹೆಸರು ಬದಲಾವಣೆ, ಸ್ವಚ್ಛತೆ, ಬೇರೆ ಕಡೆಗೆ ಸಾಗಿಸುವುದು ಇಂಥ ನಿಧಾನದ ಕೆಲಸಕ್ಕೆ ಗಿಟ್. ಹೊರಗಿನ ಜನ ಬಳಸುವ ಚಾಟ್‌ಗೆ ಜೋಡಿಸುವುದಾದರೆ ಮೂರನೆಯದು ಅಥವಾ ನಾಲ್ಕನೆಯದು ಮಾತ್ರ, ಅದೂ ಆಯ್ದ ಕೆಲವೇ ಡ್ಯಾಶ್‌ಬೋರ್ಡ್‌ಗಳ ಮೇಲೆ. ನಮ್ಮಲ್ಲಿ ಈಗ ಎರಡು ಒಟ್ಟಿಗೆ ಓಡುತ್ತವೆ: ಹಗಲಿನ ಕೆಲಸಕ್ಕೆ ಗಿಟ್ ನಕಲು, ರಾತ್ರಿಯ ಅಲರ್ಟ್‌ಗೆ ಸಣ್ಣ ಟೂಲ್.

ಕೀ ತಯಾರಾದ ಮೇಲೆ, ಏಜೆಂಟ್ ಕೈಗೆ ಕೊಡುವ ಮುನ್ನ, ಅದೇ ಕೀ ಹಿಡಿದು ಟರ್ಮಿನಲ್‌ನಲ್ಲಿ ನೀವೇ ಒಂದು ಪರೀಕ್ಷಾ ಡ್ಯಾಶ್‌ಬೋರ್ಡ್ ಸೇವ್ ಮಾಡಲು ನೋಡಿ. 403 (ಅನುಮತಿ ಇಲ್ಲ) ಬರಬೇಕು. ಕಿಬಾನಾದಲ್ಲಿ ಈ ಪರೀಕ್ಷೆಗೆ ಕೆಬಿಎನ್-ಎಕ್ಸ್‌ಎಸ್‌ಆರ್‌ಎಫ್ ಹೆಡರ್ (ಕರೆಯ ಜೊತೆ ಕಳಿಸುವ ಒಂದು ಸಾಲು) ಹಾಕಲು ಮರೆಯಬೇಡಿ. ಹೆಡರ್ ಇಲ್ಲದೆ ಬರುವ ಸೋಲು 400, ಅದಕ್ಕೂ ನಿಮ್ಮ ಕೀಗೂ ಸಂಬಂಧವಿಲ್ಲ.